ದಾರಿ ಬಿಡಿ ಸಾರ್

ಶಂಭುಲಿಂಗಪ್ಪನವರ ಬೆನ್ನ ಹಿಂದೆ ಗುರವ್ವ ಸಿಕ್ಕಿಹಾಕಿಕೊಂಡು ಇದು ಮೂರನೇ ಸುತ್ತು.

ಅವರು ನಡೆಯುತ್ತಿದ್ದರು, ಅವಳು ಓಡುತ್ತಿದ್ದಳು. ಓಡುತ್ತಿದ್ದಳು ಅನ್ನುವುದು ಬರೀ ಬಾಯಿಮಾತು. ಎಪ್ಪತ್ತು ದಾಟಿದ, ಮಂಡಿನೋವಿನ, ಕೈ ಎರಡನ್ನೂ ಬೆನ್ನಿಗೆ ಕಟ್ಟಿಕೊಂಡು ಹೆಜ್ಜೆ ಎಣಿಸಿಕೊಂಡು ನಡೆಯುವ ಮನುಷ್ಯನ ಹಿಂದೆ ಹತ್ತು ವರ್ಷದ ಹುಡುಗಿ ಎರಡು ಮೊಳ ಬಿಟ್ಟು, ಇದ್ದಲ್ಲೇ ಕಾಲೆತ್ತಿ ಕಾಲಿಡುತ್ತಿದ್ದರೆ ಅದಕ್ಕೆ ಓಟ ಅಂತ ಯಾರೂ ಹೆಸರಿಡುವುದಿಲ್ಲ. ಮಿಕ್ಕ ಹನ್ನೊಂದು ಹುಡುಗಿಯರು ಆಗಲೇ ಏಳನೇ ಸುತ್ತಿನಲ್ಲಿದ್ದರು.

"ದಾರಿ ಕೇಳೇ ಗುರವ್ವಾ! ಬಾಯಿ ಬಿಟ್ಟು ದಾರಿ ಕೇಳೇ!" ಅಂತ ಕಲಾವತಿ ಮಿಸ್ಸು ಕಲ್ಲುಬೆಂಚಿನ ಪಕ್ಕದಿಂದ ಕೈ ಬೀಸಿದರು. ಆ ಪಾರ್ಕಿನಲ್ಲಿ ಕೂಗುವ ಹಾಗಿಲ್ಲ. ಆದ್ದರಿಂದ ಪಿಸುದನಿಯಲ್ಲಿ ಕೂಗಿದರು. ಪಿಸುದನಿಯಲ್ಲಿ ಕೂಗಿದರೆ ಗಂಟಲೂ ನೋಯುತ್ತದೆ, ಕೆಲಸವೂ ಆಗುವುದಿಲ್ಲ.

ಗುರವ್ವ ತಲೆ ಆಡಿಸಿದಳು. ಕೇಳಿಸಿತು ಅಂತ. ಆಮೇಲೆ ಮತ್ತೆ ಶಂಭುಲಿಂಗಪ್ಪನವರ ಸ್ವೆಟರಿನ ಹಿಂಭಾಗ ನೋಡಿಕೊಂಡು ಕಾಲೆತ್ತಿ ಕಾಲಿಡತೊಡಗಿದಳು. ಕಲಾವತಿಗೆ ಪಿತ್ತ ನೆತ್ತಿಗೇರಿತು.

ಮೂಡಲಪಾಳ್ಯದ ಆ ಪಾರ್ಕಿನ ಗೇಟು ದಾಟಿದ ಕೂಡಲೇ ಹಳದಿ ಬೋರ್ಡು ಎದುರಾಗುತ್ತದೆ. ಪ್ರದಕ್ಷಿಣಾಕಾರವಾಗಿ ಮಾತ್ರ ನಡೆಯಿರಿ, ಹುಲ್ಲಿನ ಮೇಲೆ ಕಾಲಿಡಬಾರದು, ಓಟ ಕೂಗಾಟ ಚೆಂಡಾಟ ನಿಷೇಧಿಸಿದೆ, ಇಂತಿ ನಡಿಗೆದಾರರ ಸಂಘ. ಸಂಘ ಅಂದರೆ ಅದರ ಅಧ್ಯಕ್ಷರು, ಅಂದರೆ ನಿವೃತ್ತ ಇಂಜಿನಿಯರ್ ಶಂಭುಲಿಂಗಪ್ಪನವರು. ಮಕ್ಕಳನ್ನು ಓಡಿಸಬಹುದು ಅಂತ ಪಾಲಿಕೆಯವರೇ ಕಾಗದ ಕೊಟ್ಟಿದ್ದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಶಂಭುಲಿಂಗಪ್ಪನವರು ಆ ಕಾಗದವನ್ನು ಮೂರು ಸಲ ಓದಿ, ಕೆಳಗೆ ತಮ್ಮ ಷರತ್ತು ಬರೆದು ಸಹಿ ಹಾಕಿಕೊಟ್ಟಿದ್ದರು. ಒಬ್ಬರ ಹಿಂದೊಬ್ಬರು ಓಡಬೇಕು, ಸೀಟಿ ಊದಬಾರದು, ಗದ್ದಲ ಕೂಡದು, ಪ್ರದಕ್ಷಿಣೆ ತಪ್ಪಬಾರದು. ನಡುವೆ ಅರಳಿಮರದ ಬುಡದಲ್ಲಿ ಪುಟ್ಟ ಈಶ್ವರನ ಗುಡಿಯಿದೆ, ಉಲ್ಟಾ ಸುತ್ತಿದರೆ ಬಡಾವಣೆಗೆ ಒಳ್ಳೆಯದಲ್ಲವಂತೆ.

ದಾರಿಯೋ, ಇಬ್ಬರು ನಡೆದರೆ ಮೂರನೆಯವರಿಗೆ ಜಾಗವಿಲ್ಲ. ಎರಡೂ ಕಡೆ ಮೊಣಕಾಲೆತ್ತರದ ಕಬ್ಬಿಣದ ಕಂಬಿ. ಎಲ್ಲರೂ ಒಂದೇ ದಿಕ್ಕಿಗೆ ಹೋಗುವುದರಿಂದ ಓಡುವವರು ಯಾವಾಗಲೂ ನಡೆಯುವವರ ಬೆನ್ನ ಹಿಂದೆಯೇ ಬಂದು ನಿಲ್ಲಬೇಕು. ದಾರಿ ಕೇಳಬೇಕು. ಅವರು ಸರಿಯಬೇಕು. ಇವರು ದಾಟಬೇಕು. ಮುನ್ನೂರ ಮೂವತ್ತು ಮೀಟರಿನ ಒಂದು ಸುತ್ತಿಗೆ ಏನಿಲ್ಲವೆಂದರೂ ಇಪ್ಪತ್ತು ಸಲ.

ಮಿಕ್ಕ ಹುಡುಗಿಯರು ಅದನ್ನು ಎರಡನೇ ವಾರಕ್ಕೇ ಕಲಿತುಬಿಟ್ಟಿದ್ದರು. ಮೇದಿನಿ ಅನ್ನುವ ಒಬ್ಬಳಂತೂ "ಸೈಡ್ ಅಂಕಲ್, ಸೈಡ್ ಸೈಡ್!" ಅಂತ ಖಾಸಗಿ ಬಸ್ಸಿನ ಕಂಡಕ್ಟರಿನ ಹಾಗೆ ಬರುತ್ತಿದ್ದಳು. ಗುರವ್ವ ಒಬ್ಬಳೇ ಆರು ವಾರವಾದರೂ ಒಬ್ಬರನ್ನೂ ದಾಟಿರಲಿಲ್ಲ. ಮುಂದಿರುವವರು ತಾವಾಗಿ ಬೆಂಚಿಗೆ ಹೋಗಿ ಕೂತರೆ ಆಯಿತು, ಇಲ್ಲದಿದ್ದರೆ ಅವರ ಬೆನ್ನೇ ಗತಿ.

ಕಾರ್ಯಕ್ರಮದ ಹೆಸರು 'ಹೆಜ್ಜೆ'. ಒಂಬತ್ತರಿಂದ ಹನ್ನೆರಡು ವರ್ಷದ ಹುಡುಗಿಯರಿಗೆ ಹನ್ನೆರಡು ವಾರ, ಗುರುವಾರ ಸಂಜೆ, ಭಾನುವಾರ ಬೆಳಿಗ್ಗೆ. ಕೊನೆಯ ಭಾನುವಾರ ಒಂಬತ್ತು ಸುತ್ತಿನ ಹಬ್ಬದ ಓಟ. ಓಟ ಬರೀ ನೆಪ, ಮಕ್ಕಳಲ್ಲಿ ಆತ್ಮವಿಶ್ವಾಸ ತುಂಬುವುದೇ ಗುರಿ ಅಂತ ಇದನ್ನು ನಡೆಸುವ ಸಂಸ್ಥೆಯ ಹುಡುಗಿ ಶಿವಾನಿ ಮೊದಲ ದಿನವೇ ಹೇಳಿದ್ದಳು. ಹೇಳಿ ಒಂದು ಬಣ್ಣದ ಪುಸ್ತಕ ಕೊಟ್ಟಿದ್ದಳು. ಅದರಲ್ಲಿ 'ನಿಮ್ಮ ಇಂದಿನ ಭಾವನೆಗೆ ಬಣ್ಣ ಹಚ್ಚಿ' ಅಂತ ಒಂದು ಮೋಡದ ಚಿತ್ರವಿತ್ತು. ಕಲಾವತಿಯ ಕೈಗೆ ಕ್ರೇಯಾನು ಕೊಟ್ಟಿದ್ದರೆ ಹನ್ನೆರಡು ವಾರವೂ ಆ ಮೋಡ ಕೆಂಪಗೇ ಇರುತ್ತಿತ್ತು.

"ಮಿಸ್, ನೆಗೆಟಿವ್ ವರ್ಡ್ಸ್ ಬೇಡ," ಅಂತಲೂ ಶಿವಾನಿ ಹೇಳಿದ್ದಳು. "ಬೈಯೋ ಬದ್ಲು, ನೀನು ಇನ್ನೂ ಟ್ರೈ ಮಾಡ್ಬಹುದು ಪುಟ್ಟಾ ಅನ್ನಿ."

ಕಲಾವತಿ ವಿಜಯನಗರದ ಒಂದು ಅನುದಾನಿತ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಿ.ಟಿ. ಮಿಸ್ಸಾಗಿದ್ದವರು. ಪುಟ್ಟಾ ಅನ್ನುವ ಶಬ್ದ ಅವರ ನಾಲಿಗೆಗೆ ಹೊಸದು. ಅವರ ನಾಲಿಗೆಗೆ ಚೆನ್ನಾಗಿ ರೂಢಿಯಾಗಿದ್ದ ಶಬ್ದ ಬೇರೆ ಇತ್ತು, 'ಸರಿ ಸಾರ್'. "ಪೋರ್ಷನ್ ಮುಗ್ದಿಲ್ಲ ಕಲಾವತಿ, ನಿಮ್ಮ ಪಿ.ಟಿ. ಪೀರಿಯಡ್ ಕೊಟ್ಬಿಡಿ" ಅಂತ ಗಣಿತದ ಮೇಷ್ಟ್ರು ಬರುತ್ತಿದ್ದರು. ಸರಿ ಸಾರ್. ಆಮೇಲೆ ವಿಜ್ಞಾನದವರು. ಸರಿ ಸಾರ್. ಬ್ಯಾಟು ಬಾಲು ಹಿಡಿದುಕೊಂಡು ಬಾಗಿಲಲ್ಲಿ ನಿಂತ ಮಕ್ಕಳು ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋಗುವುದನ್ನು ಇಪ್ಪತ್ತಾರು ವರ್ಷ ನೋಡಿದ್ದರು. ಆ ಸಿಟ್ಟೆಲ್ಲ ಎಲ್ಲಿ ಹೋಯಿತು ಅಂದರೆ ಎಲ್ಲೂ ಹೋಗಲಿಲ್ಲ, ಮಕ್ಕಳ ಮೇಲೆಯೇ ಬಂತು. ದೊಡ್ಡವರೆದುರು ಸರಿ ಸಾರ್, ಮಕ್ಕಳೆದುರು ಸಿಡಿಲು.

ಈಗಲೂ ಅದೇ ಆಯಿತು. ಏಳನೇ ವಾರ ಕಲಾವತಿ ಧೈರ್ಯ ಮಾಡಿ ಶಂಭುಲಿಂಗಪ್ಪನವರ ಹತ್ತಿರ ಹೋದರು.

"ಸಾರ್, ಮಕ್ಕಳನ್ನ ಈ ಕಡೆಯಿಂದ, ಅಂದ್ರೆ ಎಡಗಡೆಯಿಂದ ಓಡಿಸ್ಲಾ? ಎದುರೆದುರು ಬಂದ್ರೆ ನಿಮಗೂ ಕಾಣಿಸುತ್ತೆ, ಅವ್ರಿಗೂ ಸುಲಭ."

"ಈಶ್ವರನಿಗೆ ಅಪ್ರದಕ್ಷಿಣೆ ಹಾಕಿಸ್ತೀರಾ? ಆಗೋ ಕೆಲ್ಸ ಅಲ್ಲ ಇದು ಕಲಾವತಿಯವ್ರೇ. ಬೋರ್ಡ್ ಓದಿದೀರಲ್ಲ?"

"ಸರಿ ಸಾರ್," ಅಂದರು ಕಲಾವತಿ. ಅಂದು ವಾಪಸು ಬಂದು, ಹನ್ನೆರಡು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಹೆಣ್ಣುಮಕ್ಕಳು ಯಾರಿಗೂ ಹೆದರದೆ ಮಾತಾಡಬೇಕು ಅಂತ ಹತ್ತು ನಿಮಿಷ ಪಾಠ ಮಾಡಿದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಎಂಟನೇ ವಾರದ ಪಾಠ 'ಗಟ್ಟಿ ದನಿ'. ಇಬ್ಬಿಬ್ಬರು ಎದುರುಬದುರು ನಿಂತು "ಬೇಡ! ನಿಲ್ಲಿಸಿ! ನನಗಿಷ್ಟವಿಲ್ಲ!" ಅಂತ ಹೇಳಬೇಕು. ಗುರವ್ವನ ಬಾಯಿಂದ ಗಾಳಿಯೂ ಬರುವುದಿಲ್ಲ ಅಂತ ಕಲಾವತಿ ಅಂದುಕೊಂಡಿದ್ದರು. ಗುರವ್ವ ಮೇದಿನಿಯ ಮುಖಕ್ಕೆ ಮುಖ ಕೊಟ್ಟು ನಿಂತು, "ಬ್ಯಾಡಾ! ನಿಂದರ್ಸ್ರೀ!" ಅಂತ ಎಂಥ ದನಿ ತೆಗೆದಳೆಂದರೆ ಆಚೆ ಮೂಲೆಯಲ್ಲಿ ಹಾ ಹಾ ಅಂತ ನಗುತ್ತಿದ್ದ ನಗೆಕೂಟದವರು ನಗುವುದನ್ನು ನಿಲ್ಲಿಸಿದರು. ಮೇದಿನಿ ಎರಡು ಹೆಜ್ಜೆ ಹಿಂದೆ ಸರಿದಳು.

ಅಂದರೆ ಬಾಯಿ ಇದೆ! ದನಿಯೂ ಇದೆ! ಕಲಾವತಿಗೆ ಇದರಿಂದ ಸಂತೋಷವಾಗಬೇಕಿತ್ತು. ಆಗಿದ್ದು ಸಿಟ್ಟು. ಬಾಯಿಲ್ಲದವಳು ಸುಮ್ಮನಿದ್ದರೆ ಪಾಪ ಅನ್ನಬಹುದು, ಇಷ್ಟು ದೊಡ್ಡ ಬಾಯಿಟ್ಟುಕೊಂಡವಳು ಸುಮ್ಮನಿದ್ದರೆ ಅದು ಹಟವಲ್ಲದೆ ಇನ್ನೇನು? ಮರುದಿನವೇ ಸೈಕಲ್ ಅಂಗಡಿಗೆ ಹೋಗಿ ಒಂದು ಬೆಲ್ಲು ತಂದರು. "ಬಾಯಿ ಬಿಡಬೇಡ, ಬೆಲ್ ಹೊಡಿ. ಟ್ರಿಣ್ ಅನ್ನು, ಸಾಕು," ಅಂತ ಅವಳ ಕೈಗಿಟ್ಟರು. ಗುರವ್ವ ಬೆಲ್ಲನ್ನು ಎದೆಗೆ ಅವಚಿಕೊಂಡು, ಅದು ಅಕಸ್ಮಾತ್ ಸದ್ದು ಮಾಡೀತು ಅಂತ ಅದರ ನಾಲಿಗೆಗೆ ಬೆರಳು ಅಡ್ಡ ಇಟ್ಟುಕೊಂಡು, ಶಂಭುಲಿಂಗಪ್ಪನವರ ಹಿಂದೆ ಎರಡು ಸುತ್ತು ಹಾಕಿದಳು.

ಒಂಬತ್ತನೇ ವಾರದ ಭಾನುವಾರ ಕಲಾವತಿಯ ತಾಳ್ಮೆ ಕಿತ್ತುಹೋಯಿತು. ಕೆಂಗೇರಿ ಉಪನಗರದಿಂದ ಚಳಿಯಲ್ಲಿ ಸ್ಕೂಟಿ ಓಡಿಸಿಕೊಂಡು ಬಂದಿದ್ದರು, ಬರುವಾಗ ಎರಡು ಕಡೆ ರಸ್ತೆ ಅಗೆದಿತ್ತು, ಬಂದರೆ ಇಲ್ಲಿ ಇವಳು ಮತ್ತೆ ಮೂರೇ ಸುತ್ತು. ಒಂದು ಸುತ್ತಿಗೊಂದರಂತೆ ಕೈಗೆ ಹಾಕುವ ರಬ್ಬರ್ ಬ್ಯಾಂಡು ಎಲ್ಲರ ಮಣಿಕಟ್ಟಿನಲ್ಲೂ ಒಂಬತ್ತು ಇದ್ದವು, ಇವಳ ಕೈಯಲ್ಲಿ ಮೂರು.

"ನಿನಗೆ ಆಟ ಆಗಿದೆಯೇನೇ?" ಅಂದರು. ಪಿಸುದನಿಯೆಲ್ಲ ಮರೆತೇಹೋಗಿತ್ತು. "ಆ ತಾತನ ಬೆನ್ನು ನೋಡೋಕೆ ನೀನು ಆರು ಗಂಟೆಗೆ ಎದ್ದು ಬರಬೇಕಾ? ನಿನ್ನಿಂದ ಹಿಂದಿನವ್ರೆಲ್ಲ ನಿಲ್ಲಬೇಕಾ? ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು. ಬಾಯಿ ಬಿಡೋಕಾಗಲ್ಲ ಅಂದ್ರೆ ನಾಳೆಯಿಂದ ಬರಲೇಬೇಡ!"

"ಹೂಂ ರೀ ಮಿಸ್," ಅಂದಳು ಗುರವ್ವ. ಬೆಲ್ಲನ್ನು ಬೆಂಚಿನ ಮೇಲೆ ಸದ್ದಾಗದ ಹಾಗೆ ಇಟ್ಟು ಹೋದಳು.

ಹನ್ನೆರಡು ಮಕ್ಕಳಲ್ಲಿ ಕಲಾವತಿ ಹೇಳಿದ ಒಂದು ಮಾತನ್ನು ಅಕ್ಷರಶಃ ಪಾಲಿಸಿದವಳು ಅವಳೊಬ್ಬಳೇ. ಗುರುವಾರ ಬರಲಿಲ್ಲ. ಭಾನುವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಕೊನೆಯ ವಾರದ ಗುರುವಾರವೂ ಹನ್ನೊಂದೇ ಮಕ್ಕಳು. ಶಿವಾನಿ ಫೋನು ಮಾಡಿದಳು.

"ಮಿಸ್, ಗುರವ್ವನ ಡ್ರಾಪ್‌ಔಟ್ ಅಂತ ಹಾಕ್ಲಾ? ಕಾರಣ ಬರೀಲೇಬೇಕು, ಆ ಕಾಲಮ್ ಖಾಲಿ ಬಿಟ್ರೆ ಫಾರ್ಮು ಮುಂದಕ್ಕೇ ಹೋಗಲ್ಲ."

ಕಾರಣ ಕಲಾವತಿಗೆ ಗೊತ್ತಿತ್ತು. ಕಾರಣದ ವಯಸ್ಸು ಐವತ್ತೆಂಟು, ಊರು ಕೆಂಗೇರಿ ಉಪನಗರ.

"ಏನೂ ಹಾಕ್ಬೇಡ ಕಣಮ್ಮ. ಭಾನುವಾರದವರೆಗೂ ತಡಿ," ಅಂದು ಫೋನಿಟ್ಟರು.

ಶುಕ್ರವಾರ ಸಂಜೆ ವಿಳಾಸ ಹುಡುಕಿಕೊಂಡು ಹೋದರು. ಪೈಪಿಗೆ ಅಗೆದಿದ್ದ ಓಣಿಯ ಬಾಯಲ್ಲಿ ಸ್ಕೂಟಿ ನಿಲ್ಲಿಸಿ ನಡೆಯಬೇಕಾಯಿತು. ಸಾಲುಮನೆಗಳ ಕೊನೆಯ ಮನೆ, ಒಂದೇ ಕೋಣೆ. ಬಾಗಿಲಲ್ಲಿ ಗುರವ್ವನ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಒಳಗೆ ಗೋಡೆಗೊರಗಿ ಕಾಲು ಚಾಚಿಕೊಂಡಿದ್ದವನು ಅಪ್ಪ ದ್ಯಾಮಪ್ಪ. ಕೊಪ್ಪಳದ ಕಡೆಯವನು, ಊಟದ ಡೆಲಿವರಿ ಮಾಡುತ್ತಿದ್ದವನು. ಐದು ತಿಂಗಳ ಹಿಂದೆ ಗಾಡಿಯಿಂದ ಬಿದ್ದು ಕಾಲಿಗೆ ರಾಡು ಹಾಕಿದ್ದರು. ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗುವವನಿದ್ದ.

"ನಮ್ಮ ಹುಡುಗಿ ಏನರೆ ತಪ್ಪು ಮಾಡ್ಯಾಳೇನ್ರಿ ಮೇಡಂ?" ಅಂದ ಏಳಲು ಹೋಗುತ್ತ. "ಕ್ಲಾಸು ಮುಗದಾವು ಅಂದ್ಳು."

ಮೂಲೆಯಲ್ಲಿ ನಿಂತಿದ್ದ ಗುರವ್ವ ನೆಲ ನೋಡಿದಳು. ಮಿಸ್ಸು ಬೈದರು ಅಂತ ಮನೆಯಲ್ಲಿ ಹೇಳಿಯೇ ಇರಲಿಲ್ಲ. ಕಲಾವತಿಗೆ ನಾಚಿಕೆಯಾಯಿತು. ನಾಚಿಕೆಯಾದರೆ ಅವರಿಗೆ ಇನ್ನಷ್ಟು ಸಿಟ್ಟು ಬರುತ್ತದೆ, ಆದರೆ ಇಲ್ಲಿ ಯಾರ ಮೇಲೆ ಮಾಡುವುದು?

"ಮುಗ್ದಿಲ್ಲ, ಈ ಭಾನುವಾರ ಕೊನೇದು. ಕಳಿಸಿಕೊಡಿ. ಪ್ರತಿ ಹುಡುಗಿ ಜೊತೆ ಮನೇವ್ರು ಒಬ್ರು ಬಂದು ಪಾರ್ಕಲ್ಲಿ ನಡೀಬೇಕು," ಅಂದರು. ಚಹಾ ಕೊಟ್ಟರು. ಬಿಸಿ ಚಹಾದ ಹಬೆಗೆ ಕನ್ನಡಕ ಮಂಜಾಯಿತು, ತೆಗೆದು ಪಕ್ಕದ ಸ್ಟೂಲಿನ ಮೇಲಿಟ್ಟರು. ಕುಡಿದರು. ಗುರವ್ವ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಕಲಾವತಿ ಎದ್ದು ಹೊರಟರು.

ಓಣಿಯಲ್ಲಿ ಅರ್ಧ ದಾರಿ ಬಂದಿರಬಹುದು, ಪಕ್ಕದ ಮಣ್ಣುಗುಡ್ಡೆಯ ಮೇಲಿಂದ ಏನೋ ಸುಂಯ್ ಅಂತ ಹೋಯಿತು. ನೋಡಿದರೆ ಗುರವ್ವ. ಗುಡ್ಡೆ ಹತ್ತಿ, ಪೈಪು ಹಾರಿ, ಕಲಾವತಿಯನ್ನು ದಾಟಿ ಹತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ, ಎದುರಿಗೆ ಬಂದು ನಿಂತಳು. ಕೈಯಲ್ಲಿ ಕನ್ನಡಕ.

ಹನ್ನೆರಡು ವಾರದಲ್ಲಿ ಯಾವ ಹುಡುಗಿಯೂ ಹಾಗೆ ಓಡಿದ್ದನ್ನು ಕಲಾವತಿ ನೋಡಿರಲಿಲ್ಲ.

"ಅಲ್ವೇ, ಇದಕ್ಕೆ ಗುಡ್ಡೆ ಹತ್ತಿ ಬರಬೇಕಾ? ಮಿಸ್ ಅಂತ ಅಲ್ಲಿಂದ್ಲೇ ಒಂದು ಸಲ ಕರೆದಿದ್ರೆ ನಾನೇ ನಿಲ್ತಿದ್ನಲ್ಲ!"

"ಹೊಂಟವ್ರನ್ನ ಹಿಂದಿಂದ ಕರೀಬಾರ್ದ್ರಿ ಮಿಸ್."

ಕಲಾವತಿ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. "ಅದಕ್ಕೇನಾ ಪಾರ್ಕಲ್ಲೂ...?"

"ಅವ್ರು ಹೊಂಟಿರ್ತಾರಲ್ರಿ."

"ಎಲ್ಲಿ ಹೊರಟಿರ್ತಾರೇ? ಸುತ್ತು ಹಾಕ್ತಿರ್ತಾರೆ ಅಷ್ಟೇ, ಎಲ್ಲಿಗೂ ಹೋಗಲ್ಲ ಅವರು!"

"ವಯಸ್ಸಾದವ್ರು ಅದಾರ್ರಿ. ಕರದ ಮ್ಯಾಲ ಬಿದ್ರ?" ಗುರವ್ವ ಕಾಲಬೆರಳಿನಿಂದ ಮಣ್ಣು ಕೆದಕಿದಳು. ಆಮೇಲೆ, ಯಾರೂ ಕೇಳದಿದ್ದರೂ ಹೇಳಿದಳು. "ಅಪ್ಪನ್ನ ಕರದಿದ್ದೆ. ಗಾಡಿ ಮ್ಯಾಲೆ ಹೊಂಟಿದ್ದ. ಅವತ್ತ ಬಿದ್ದ. ದವಾಖಾನ್ಯಾಗ ಅಜ್ಜಿ ಅಂದ್ಳು, ಹಿಂದಿಂದ ಕರದು ಅಪ್ಪನ ಕಾಲು ಮುರದಿ ನೋಡು ಅಂತ."

ಅದೆಲ್ಲ ಮೂಢನಂಬಿಕೆ ಕಣೇ ಅಂತ ಕಲಾವತಿ ಅಂದುಬಿಡಬಹುದಿತ್ತು. ಆದರೆ ಅವರೇ ಮನೆಯಿಂದ ಹೊರಡುವಾಗ ಯಾರಾದರೂ ಹಿಂದಿನಿಂದ ಕರೆದರೆ ವಾಪಸು ಹೋಗಿ, ಒಂದು ಗಳಿಗೆ ಕೂತು, ನೀರು ಕುಡಿದು ಹೊರಡುವವರು. ಅವರಮ್ಮ ಕಲಿಸಿದ್ದು. ಅದಲ್ಲದೆ ಅವರ ಕಣ್ಣಿಗೆ ಕಟ್ಟುತ್ತಿದ್ದದ್ದು ಬೇರೆಯೇ. ಬಾಗಿಲಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕೂತ ಆ ಮುದುಕಿಗೆ ತಾನು ಹಾಗಂದದ್ದು ನೆನಪೂ ಇರಲಿಕ್ಕಿಲ್ಲ. ಸಂಕಟದಲ್ಲಿ ಬಾಯಿಗೆ ಬಂದದ್ದು ಅಂದಿದ್ದಳು, ಮರೆತಿದ್ದಳು. ಕಲಾವತಿ ಅಂದ ಹಾಗೆಯೇ. ಬರಲೇಬೇಡ ಅಂತ.

ಕಲಾವತಿಗೆ ಅಳು ಬಂತು. ಅಳು ಬಂದದ್ದಕ್ಕೂ ಸಿಟ್ಟು ಬಂತು. ಗುರವ್ವನ ಕೈ ಹಿಡಿದುಕೊಂಡು ಮತ್ತೆ ಮನೆಗೆ ನಡೆದರು. ಅವಳನ್ನು ಸಕ್ಕರೆ ತರಲು ಅಂಗಡಿಗೆ ಕಳಿಸಿ, ದ್ಯಾಮಪ್ಪನಿಗೆ ನಾಲ್ಕು ಮಾತಿನಲ್ಲಿ ವಿಷಯ ಹೇಳಿದರು. ಅವನು ತಾಯಿಯ ಮುಖ ನೋಡಿದ. ತಾಯಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಆಯ್ತಾರ ನಾನ ಬರ್ತೀನ್ರಿ ಮೇಡಂ," ಅಂದ ದ್ಯಾಮಪ್ಪ. ಅಷ್ಟೇ.

ಭಾನುವಾರ ಬೆಳಿಗ್ಗೆ ಏಳಕ್ಕೆ ಪಾರ್ಕು ತುಂಬಿಹೋಗಿತ್ತು. ಹನ್ನೆರಡು ಮನೆಯ ಅಪ್ಪಂದಿರು, ಅಮ್ಮಂದಿರು, ಚಿಕ್ಕಮ್ಮಂದಿರು ದಾರಿಯ ತುಂಬ ನಡೆಯುತ್ತಿದ್ದರು, ಅರ್ಧ ಜನ ಫೋನು ಹಿಡಿದುಕೊಂಡು ಹಿಂದಕ್ಕೆ ತಿರುಗಿ ಫೋಟೋ ತೆಗೆಯುತ್ತಿದ್ದರು. ಶಿವಾನಿ ಬಲೂನು ಕಟ್ಟಿದ್ದಳು. ಶಂಭುಲಿಂಗಪ್ಪನವರು ಬಲೂನು ಬಿಚ್ಚಿಸಿದ್ದರು. ಏಳೂ ಮುಕ್ಕಾಲಿಗೆ ಸರಿಯಾಗಿ ದಾರಿ ಖಾಲಿ ಮಾಡಬೇಕು ಅಂತ ಗಡಿಯಾರ ತೋರಿಸಿ ಹೋಗಿದ್ದರು. ಸರಿ ಸಾರ್ ಅಂದಾಗಿತ್ತು.

ಗುರವ್ವ ಬಂದಿದ್ದಳು. ಜೊತೆಗೆ ದ್ಯಾಮಪ್ಪ, ಒಂದು ಕಾಲು ಎಳೆಯುತ್ತ. ಅವನ ಕೈಯಲ್ಲಿ ಹಾಲಿನ ಕ್ಯಾನಿನ ಹಾಗೆ ನೇತಾಡುತ್ತಿದ್ದದ್ದು ಒಂದು ಹೆಲ್ಮೆಟ್ಟು.

"ಗಾಡೀಲಿ ಬಂದ್ರಾ?" ಅಂದರು ಕಲಾವತಿ.

"ಇಲ್ರಿ, ನಡಕೊಂತ."

"ಮತ್ತೆ ಪಾರ್ಕಲ್ಲಿ ಹೆಲ್ಮೆಟ್ ಯಾಕ್ರೀ?"

"ಇರ್ಲಿ ಬಿಡ್ರಿ," ಅಂದು ಅವನು ನಡೆಯತೊಡಗಿದ. ಕಲಾವತಿ ಹಣೆ ಚಚ್ಚಿಕೊಂಡರು. ಇವರ ಮನೆಯವರೆಲ್ಲ ಹೀಗೇನೇ, ಅರ್ಧ ಮಾತು ಹೊಟ್ಟೆಯಲ್ಲೇ.

ಓಟ ಶುರುವಾಯಿತು. ಹನ್ನೊಂದು ಹುಡುಗಿಯರು ಸೈಡ್ ಸೈಡ್ ಅಂತ ಜನರ ನಡುವೆ ನುಗ್ಗಿದರು. ಗುರವ್ವ ಯಾರದೋ ಚಿಕ್ಕಮ್ಮನ ಹಿಂದೆ ಒಂದು ಸುತ್ತು ಹಾಕಿದಳು. ಆ ಚಿಕ್ಕಮ್ಮ ಬೆಂಚಿಗೆ ಹೋದರು. ಎರಡನೇ ಸುತ್ತಿನಲ್ಲಿ ಅವಳಿಗೆ ಅಡ್ಡವಾದ ಬೆನ್ನು ಅವಳಪ್ಪನದೇ. ದ್ಯಾಮಪ್ಪ ದಾರಿಯ ನಟ್ಟನಡುವೆ, ಇತ್ತಲೂ ಜಾಗವಿಲ್ಲದ ಹಾಗೆ, ಅತ್ತಲೂ ಜಾಗವಿಲ್ಲದ ಹಾಗೆ ನಡೆಯುತ್ತಿದ್ದ. ಅವಳು ಎರಡು ಮೊಳ ಹಿಂದೆ ಕಾಲೆತ್ತಿ ಕಾಲಿಡತೊಡಗಿದಳು. ಅವರ ಹಿಂದೆ ಜನ ಜಮಾಯಿಸಿದರು. ಕಲಾವತಿಯ ಗಂಟಲಿಗೆ ಬೈಗುಳ ಬಂದು ಕೂತಿತು. ನುಂಗಿದರು. ಸುಲಭವಲ್ಲ ಅದು.

ಕಲ್ಲುಬೆಂಚಿನ ಎದುರು ಬಂದಾಗ ದ್ಯಾಮಪ್ಪ ನಿಂತ. ತಿರುಗಲಿಲ್ಲ.

"ಕರಿ," ಅಂದ.

ಗುರವ್ವನೂ ನಿಂತಳು. "ಒಲ್ಲೆ."

"ಅವತ್ತ ಯಾಕ ಕರದಿದ್ದಿ?"

ಅವಳು ಮಣಿಕಟ್ಟಿನ ರಬ್ಬರ್ ಬ್ಯಾಂಡು ತಿರುಗಿಸಿದಳು.

"ಹೇಳವ್ವಾ. ಯಾಕ ಕರದಿದ್ದಿ?"

"ಹೆಲ್ಮೆಟ್ ಬಿಟ್ಟು ಹೊಂಟಿದ್ದಿ."

ದ್ಯಾಮಪ್ಪ ಕೈಯಲ್ಲಿದ್ದ ಹೆಲ್ಮೆಟ್ಟನ್ನು ಭುಜದ ಮೇಲಿಂದ ಹಿಂದಕ್ಕೆ ಹಿಡಿದ. ಕಲಾವತಿಗೂ ಕಂಡಿತು. ಬಲಗಡೆ ಕಿವಿಯ ಮೇಲಿಂದ ನೆತ್ತಿಯವರೆಗೆ ಗೇಣುದ್ದ ಸೀಳು, ಒಳಗಿನ ಬಿಳಿ ಥರ್ಮಾಕೋಲು ಕಾಣುತ್ತಿತ್ತು.

"ಕಾಲು ಮುರದದ್ದು ಕಾರಿನಾವ ನೋಡಲಾರ್ದ ಬಾಗಿಲಾ ತಗದದ್ದಕ್ಕ. ನೀ ಕರದದ್ದಕ್ಕ ಉಳದದ್ದು ಇದು," ಅಂತ ತನ್ನ ತಲೆ ಮುಟ್ಟಿಕೊಂಡ. "ನೀ ಅವತ್ತ ಸುಮ್ಮನಿದ್ದಿದ್ರ ನನ್ನ ಫೋಟೋಕ್ಕ ಹಾರ ಹಾಕ್ತಿದ್ರವ್ವಾ. ನಿಮ್ಮ ಅಜ್ಜಿಗೆ ನಿನ್ನೆನ ಹೇಳೀನಿ. ಆಕಿನೂ ಅತ್ತಾಳ. ಸೋಮವಾರ ನಾ ಮತ್ತ ಗಾಡಿ ಹತ್ತಾಂವ. ಏನರೆ ಮರತು ಹೊಂಟೆ ಅಂದ್ರ ಯಾರು ಕರೀಬೇಕು? ಕರಿ."

ಅವನು ಮತ್ತೆ ನಡೆಯತೊಡಗಿದ. ಬೇಕಂತಲೇ ನಡುದಾರಿಯಲ್ಲಿ.

ಗುರವ್ವ ನಾಲ್ಕು ಹೆಜ್ಜೆ ಹಿಂದೆಯೇ ಹೋದಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, "ಅಪ್ಪಾ, ದಾರಿ ಬಿಡು," ಅಂದಳು. ಕಲಾವತಿಗೆ ಕೇಳಿಸಲೂ ಇಲ್ಲ, ತುಟಿ ನೋಡಿ ತಿಳಿಯಬೇಕಾಯಿತು. ದ್ಯಾಮಪ್ಪನಿಗೆ ಕೇಳಿಸಿತು. ರಾಡಿನ ಕಾಲನ್ನು ಎಳೆದುಕೊಂಡು ಕಂಬಿಯ ಕಡೆ ಸರಿದ. ಅವಳು ದಾಟಿದಳು. ದಾಟಿ, ಓಡುತ್ತಲೇ ಮೂರು ಸಲ ತಿರುಗಿ ನೋಡಿದಳು.

ದ್ಯಾಮಪ್ಪ ಬಿದ್ದಿರಲಿಲ್ಲ. ಹೆಲ್ಮೆಟ್ಟು ಎತ್ತಿ ತೋರಿಸಿದ.

ಆಮೇಲೆ ಆ ಹುಡುಗಿಯ ಬಾಯಿ ನಿಲ್ಲಲಿಲ್ಲ. "ದಾರಿ ಬಿಡ್ರೀ ಅಣ್ಣಾರ! ದಾರಿ ಬಿಡ್ರೀ ಆಂಟಿ! ಫೋಟೋ ಆಮ್ಯಾಲ ತಗೀರಿ, ದಾರಿ ಬಿಡ್ರಿ!" ಐದು ತಿಂಗಳು ಕಟ್ಟಿಟ್ಟ ದನಿ. ಮೂರನೇ ಸುತ್ತು, ನಾಲ್ಕನೇ ಸುತ್ತು. ಮೇದಿನಿಯನ್ನೇ ದಾರಿ ಬಿಡೇ ಅಂತ ದಾಟಿದಳು. ಪ್ರತಿಯೊಬ್ಬರನ್ನು ದಾಟಿದ ಮೇಲೂ ಒಂದು ಸಲ ಹಿಂದಕ್ಕೆ ನೋಡುತ್ತಿದ್ದಳು, ಎಲ್ಲರೂ ನೆಟ್ಟಗೆ ನಿಂತಿದ್ದಾರಾ ಅಂತ. ನಿಂತಿದ್ದರು. ಐದನೇ ರಬ್ಬರ್ ಬ್ಯಾಂಡನ್ನು ಕಲಾವತಿ ತಾವೇ ಅವಳ ಕೈಗೆ ಹಾಕಿದರು. "ಹಿಂದೆ ನೋಡ್ಬೇಡ ಕಣೇ, ಎಡವಿ ಬೀಳ್ತೀಯ! ಕೈ ಆಡಿಸು, ಕೈ!" ಅಂತ ಬೈದರು. ಏನೋ ಒಂದು ಬೈಯದೆ ಇರಲು ಆಗಲಿಲ್ಲ.

ಶಂಭುಲಿಂಗಪ್ಪನವರು ಗಡಿಯಾರ ಹಿಡಿದುಕೊಂಡೇ ಬಂದರು, ಕಲಾವತಿಯನ್ನು ಗೇಟಿನ ಬೋರ್ಡಿನವರೆಗೂ ಕರೆದೊಯ್ದು ನಿಲ್ಲಿಸಿದರು. ಅವರ ಸ್ವೆಟರಿನ ತೋಳು ಜಾರಿತ್ತು, ಈಗಷ್ಟೇ ಅವರೂ ದಾರಿ ಬಿಟ್ಟು ಬಂದವರ ಹಾಗಿದ್ದರು.

"ಏನ್ರೀ ಇದು ಕಲಾವತಿಯವ್ರೇ! ಇದು ಪಾರ್ಕಾ, ಸಂತೇನಾ? ಗದ್ದಲ ಕೂಡದು ಅಂತ ಬರೆದು ಕೊಟ್ಟಿದ್ದೆ. ನಲವತ್ತೈದಕ್ಕೆ ಇನ್ನು ನಾಲ್ಕೇ ನಿಮಿಷ ಇದೆ. ಆ ಹುಡುಗೀನ ಮೊದ್ಲು ನಿಲ್ಸಿ. ಎಷ್ಟು ಹೊತ್ತಿಂದ ನನ್ನ ಹಿಂದೆ ಬಂದು ಕಿರುಚ್ತಾ ಇದಾಳೆ!"

ಇಪ್ಪತ್ತಾರು ವರ್ಷದ ಆ ಎರಡು ಶಬ್ದ ನಾಲಿಗೆಯ ತುದಿಗೆ ಬಂದು ಕೂತವು. ಕಲಾವತಿ ಬಾಯಿ ತೆರೆದರು. ಅವರು ಹೇಳುವ ಮೊದಲೇ ಬೆನ್ನ ಹಿಂದಿನಿಂದ, ತೀರಾ ಕಿವಿಯ ಹತ್ತಿರದಿಂದ, ನಗೆಕೂಟವನ್ನು ನಿಲ್ಲಿಸಿದ ಆ ದನಿ ಬಂತು.

"ಮಿಸ್! ದಾರಿ ಬಿಡ್ರಿ!"

ಆಗ ನೋಡಿಕೊಂಡರು. ದಾರಿಯ ನಟ್ಟನಡುವೆ ಅಡ್ಡ ನಿಂತಿದ್ದವರು ತಾವಿಬ್ಬರೇ.

ಕಲಾವತಿ ಶಂಭುಲಿಂಗಪ್ಪನವರ ಮೊಣಕೈ ಹಿಡಿದರು, ಕಂಬಿ ಇಲ್ಲದ ಸಂದಿನಲ್ಲಿ ಅವರನ್ನೂ ಎಳೆದುಕೊಂಡು ಪಕ್ಕಕ್ಕೆ ಹಾರಿದರು. ಗುರವ್ವ ದಾಟಿಹೋದಳು. ಹೋಗಿ, ತಿರುಗಿ ನೋಡಿದಳು. ಅಧ್ಯಕ್ಷರು ಹುಲ್ಲಿನ ಮೇಲೆ ನಿಂತಿದ್ದರು, ಅವರೇ ಬರೆಸಿದ ಬೋರ್ಡಿನ ಕೆಳಗೆ, ಕಾಲ ಬುಡ ನೋಡಿಕೊಳ್ಳುತ್ತ.

"ಕಲಾವತಿಯವ್ರೇ, ಹುಲ್ಲು!"

"ಗೊತ್ತು ಸಾರ್," ಅಂದರು ಕಲಾವತಿ, ಮೊಣಕೈ ಬಿಡದೆ. "ಇನ್ನೂ ನಾಲ್ಕು ಸುತ್ತು ಬಾಕಿ ಇದೆ. ಅವಳದು ಮುಗಿಯೋವರೆಗೂ ಇಬ್ರೂ ಇಲ್ಲೇ ನಿಂತಿರೋಣ."